ಕಾಶಿಗೆ ಹೊರಟವನನ್ನು ಹಿಡಿದವರು

ನವೆಂಬರ್ 20, 2006, ಸೋಮವಾರ

ಲಾವಣ್ಯಾ ಹೆರಿಗೆ ರಜೆಗೆ ಹೋದಳು. ಹೋಗುವಾಗ ನನ್ನ ಮೇಜಿನ ಮೇಲೆ ಒಂದು ಡಬ್ಬಿ ಕಾಜು ಬರ್ಫಿ, ಅದರ ಕೆಳಗೆ ಒಂದು ಹಸಿರು ಫೈಲು ಇಟ್ಟುಹೋದಳು. ಬರ್ಫಿ ಮಧ್ಯಾಹ್ನಕ್ಕೇ ಮುಗಿಯಿತು, ಫೈಲು ಉಳಿಯಿತು. ಮಂಗಳೂರಿನವರ ಬುದ್ಧಿಯೇ ಬುದ್ಧಿ.

ಫೈಲಿನ ಮೇಲೆ ‘ಸಮುದಾಯ ನಿಧಿ’ ಎಂದಿದೆ. ವರ್ಷಕ್ಕೊಮ್ಮೆ ನಮ್ಮ ಕಂಪನಿ ಲಾಭದಲ್ಲಿ ಒಂದು ಚೂರು ತೆಗೆದು ಯಾವುದಾದರೂ ಒಳ್ಳೆಯ ಕೆಲಸಕ್ಕೆ ಕೊಡುತ್ತದೆ, ಕೊಟ್ಟ ಮೇಲೆ ಫೋಟೋ ತೆಗೆಸಿಕೊಳ್ಳುತ್ತದೆ. ಹೋದ ವರ್ಷ ಒಂದು ಶಾಲೆಗೆ ಬೆಂಚು ಕೊಟ್ಟರು. ಈ ವರ್ಷ ಎರಡು ಅರ್ಜಿ ಬಂದಿವೆ. ಒಂದು ಅಕೌಂಟ್ಸ್‌ನವರದು: ಮಾರ್ಚಿನಲ್ಲಿ ವಿಶ್ವಕಪ್ ನೋಡಲು ಕ್ಯಾಂಟೀನಿಗೆ ದೊಡ್ಡ ಪರದೆ ಬೇಕಂತೆ. ಕೆಲಸಗಾರರೂ ಸಮುದಾಯವೇ ತಾನೆ ಎನ್ನುವುದು ಅವರ ವಾದ. ಇನ್ನೊಂದು ದಿಲ್ಲಿಯ ರೋಹಿಣಿ ಬಡಾವಣೆಯ ಪಕ್ಕದ ಯಾವುದೋ ಕೊಳೆಗೇರಿ ಬಸ್ತಿಯಿಂದ ಬಂದದ್ದು: ಪೊಲೀಸ್ ಕೇಸಿನಲ್ಲಿ ಸಿಕ್ಕಿದ ಹುಡುಗರಿಗೆ ಬ್ಯಾಂಡ್ ಬಾರಿಸಲು ಕಲಿಸಬೇಕಂತೆ. ಮಾನೇಸರ್‌ನಲ್ಲಿ ಕಾರಿನ ಬ್ರೇಕ್ ಮಾಡುವ ನಮಗೂ ರೋಹಿಣಿಯ ಬ್ಯಾಂಡಿಗೂ ಎತ್ತಣಿಂದೆತ್ತ ಸಂಬಂಧ!

ನಾನು ಪರ್ಸೊನೆಲ್ ವಿಭಾಗದವನು. ಹಾಜರಿ, ರಜೆ, ಓವರ್‌ಟೈಮು, ಸಂಜೆ ಶಿಫ್ಟು ಬಿಟ್ಟಾಗ ಗೇಟಿನಲ್ಲಿ ಕೆಲಸಗಾರರ ಚೀಲ ಬಿಚ್ಚಿಸಿ ನೋಡುವ ಸೆಕ್ಯುರಿಟಿಯವರ ಪಾಳಿ, ಇಷ್ಟೇ ನನ್ನ ಪ್ರಪಂಚ. ಜನವರಿಯಲ್ಲಿ ಮದುವೆ ಬೇರೆ ಇದೆ. ಲಾವಣ್ಯಾ ಮಾರ್ಚ್ ಕೊನೆಗೆ ಬರುತ್ತಾಳೆ. ಅಲ್ಲಿಯವರೆಗೆ ಫೈಲನ್ನು ಮುಟ್ಟದೆ ಇಟ್ಟು, ಬಂದ ದಿನವೇ ಅವಳ ಕೈಗೆ ಕೊಟ್ಟು ಕೈತೊಳೆದುಕೊಳ್ಳುವುದೇ ಜಾಣತನ.

ನವೆಂಬರ್ 25, ಶನಿವಾರ

ಮುಟ್ಟದೆ ಇರಲು ಬಿಡಲಿಲ್ಲ. ನಮ್ಮ ಫ್ಯಾಕ್ಟರಿಯ ಮುಖ್ಯಸ್ಥರು ಅಹ್ಲಾವತ್ ಸಾಹೇಬರು, ರೋಹ್ತಕ್ ಕಡೆಯವರು. ಮಾತಿಗಿಂತ ಮೊದಲು ಮೀಸೆ ಅಲ್ಲಾಡುತ್ತದೆ. ‘ಆ ಬ್ಯಾಂಡಿನ ಮೇಡಂ ದಿನಾ ಫೋನ್ ಮಾಡ್ತಾಳೆ. ಒಂದು ಸಲ ಹೋಗಿ ನೋಡಿ ಬಂದು ಇಲ್ಲ ಅಂತ ಬರೆದುಬಿಡು’ ಎಂದರು. ಇಲ್ಲ ಎಂದು ಬರೆಯಲು ನಾನಿರುವ ಮುನಿರ್ಕಾದಿಂದ ರೋಹಿಣಿಯವರೆಗೆ ಎರಡು ಬಸ್ಸು ಬದಲಿಸಿ ಹೋದೆ.

ಮೇಡಂ ಹೆಸರು ದೇವಕಿ. ಅರವತ್ತು ದಾಟಿದವರು, ಕಾಟನ್ ಸೀರೆ, ಕಾಲಿಗೆ ಓಟದ ಶೂ, ಕೊರಳಲ್ಲಿ ಸೀಟಿ. ಶಾಲೆಯೊಂದರಲ್ಲಿ ಬ್ಯಾಂಡ್ ಕಲಿಸಿ ನಿವೃತ್ತಿಯಾದವರಂತೆ. ನನ್ನ ಹೆಸರು ಕೇಳಿದ್ದೇ ತಡ, ‘ಇಂದುಶೇಖರ ಅಂದ್ರೆ ನಮ್ಮ ಕಡೆಯವರೇ ಅಲ್ವೇನಪ್ಪಾ? ನಾನು ಮೈಸೂರಿನೋಳು’ ಎಂದು ಕನ್ನಡಕ್ಕೆ ಇಳಿದುಬಿಟ್ಟರು. ಕನ್ನಡದಲ್ಲಿ ಇಲ್ಲ ಎನ್ನುವುದು ಹಿಂದಿಯಲ್ಲಿ ಇಲ್ಲ ಎನ್ನುವುದಕ್ಕಿಂತ ಕಷ್ಟ.

ತಗಡಿನ ಸೂರಿನ ಒಂದು ಕೋಣೆ, ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದಾರೆ. ಒಳಗೆ ಆರು ಜನ ಹುಡುಗರು. ನಾನು ಪರ್ಸನ್ನು ಒಳಜೇಬಿಗೆ ಹಾಕಿ ಗುಂಡಿ ಹಾಕಿಕೊಂಡೆ, ವಾಚು ಬಿಚ್ಚಿ ಕಾಲುಚೀಲಕ್ಕೆ ಸೇರಿಸಿದೆ. ದೇವಕಿ ಮೇಡಂ ನೋಡಿದರೋ ಏನೋ, ಟೀ ತರಲು ಹೇಳಿದರು.

‘ಇವರು ಸಾಂಸಿ ಜನ’ ಎಂದರು. ‘ಬ್ರಿಟಿಷರು ಇವರ ಕುಲವನ್ನೇ ಹುಟ್ಟುಗಳ್ಳರು ಅಂತ ಕಾನೂನು ಮಾಡಿ ಬರೆದಿಟ್ರು. ಆ ಕಾನೂನು ಐವತ್ತೆರಡರಲ್ಲೇ ಹೋಯ್ತು. ಜನರ ತಲೆಯಿಂದ ಮಾತ್ರ ಇನ್ನೂ ಹೋಗಿಲ್ಲ. ಯಾವ ಸೆಕ್ಟರ್‌ನಲ್ಲಿ ಸ್ಕೂಟರ್ ಕಳೆದ್ರೂ ಜೀಪು ಮೊದಲು ಬರೋದು ಇಲ್ಲಿಗೇ.’

ಈ ಆರೂ ಜನರನ್ನು ಬಾಲನ್ಯಾಯ ಮಂಡಳಿ ಬಾಲಾಪರಾಧಿಗಳನ್ನು ಇಡುವ ಅಬ್ಸರ್ವೇಶನ್ ಹೋಮಿನಿಂದ ಬಿಟ್ಟಿರುವುದು ಒಂದೇ ಷರತ್ತಿನ ಮೇಲೆ, ದಿನಾ ಇಲ್ಲಿಗೆ ಬಂದು ಕಲಿಯಬೇಕು. ಇದುವರೆಗೆ ಹಣ ಕೊಡುತ್ತಿದ್ದ ಸಂಸ್ಥೆ ಮಾರ್ಚಿಗೆ ನಿಲ್ಲಿಸುತ್ತಿದೆ. ಕೋಣೆ ಮುಚ್ಚಿದರೆ ಷರತ್ತು ಮುರಿಯುತ್ತದೆ, ಹುಡುಗರು ಮತ್ತೆ ಒಳಗೆ. ‘ಮಾರ್ಚ್ ಹದಿನಾಲ್ಕಕ್ಕೆ ಅಗೋ ಆ ಸಾವನ್‌ದು ವಿಚಾರಣೆ ಇದೆ. ಮಂಡಳಿಯ ಮುಂದೆ ಏನು ಹೇಳ್ಲಪ್ಪಾ ನಾನು?’ ಎಂದು ತುತ್ತೂರಿ ಹಿಡಿದ ಹುಡುಗನ ಕಡೆ ತೋರಿಸಿದರು. ಹದಿನೇಳರ ಹುಡುಗ, ಕಡ್ಡಿಯಂತಿದ್ದಾನೆ. ನಾನು ಟೀ ಕುಡಿದೆ. ಟೀ ಚೆನ್ನಾಗಿತ್ತು.

ವರದಿ ಬರೆಯಬೇಕು: ಯೋಜನೆ ಒಳ್ಳೆಯದೇ, ನಮಗೆ ಸಂಬಂಧಿಸಿದ್ದಲ್ಲ.

ಡಿಸೆಂಬರ್ 9, ಶನಿವಾರ

ನಾನು ಮದುವೆಯಾಗಲಿರುವ ಸಂಯುಕ್ತಾಳ ಮನೆಯಲ್ಲಿ ಊಟ. ಅವಳ ತಂದೆ ಅನಂತರಾಮ್ ಅವರು ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರಾಗಿದ್ದು ನಿವೃತ್ತಿಯಾಗಿ ರೋಹಿಣಿಯಲ್ಲಿ ನೆಲೆಸಿದವರು. ಹುಳಿಗೆ ಉಪ್ಪು ಕಡಿಮೆಯಾದರೂ ಟಿಪ್ಪಣಿ ಬರೆದು ಮೇಲಿನವರಿಗೆ ಕಳಿಸುವ ಪೈಕಿ.

ಮದುವೆ ಜನವರಿ 28ಕ್ಕೆ, ಅವರ ಮನೆ ಹತ್ತಿರದ ಬಾರಾತ್ ಘರ್ ಎಂಬ ಮದುವೆ ಹಾಲ್‌ನಲ್ಲಿ, ಬೆಳಗಿನ ಮುಹೂರ್ತ. ದಿಲ್ಲಿಯವರು ರಾತ್ರಿ ಮದುವೆಯಾಗುವವರು, ಹಾಗಾಗಿ ಬೆಳಿಗ್ಗೆ ಹಾಲ್ ಅರ್ಧ ಬಾಡಿಗೆಗೆ ಸಿಕ್ಕಿತು ಎಂದು ಮಾವನವರು ಬೀಗಿದರು. ವಾಲಗಕ್ಕೆ ಮಾತ್ರ ಅಮ್ಮನ ಹಟವೇ ಗೆದ್ದಿತು. ನಮ್ಮೂರು ಹೊಸದುರ್ಗದಿಂದ ತಿಪ್ಪೇಸ್ವಾಮಿಯ ತಂಡವೇ ರೈಲು ಹತ್ತಿ ಬರಬೇಕು. ನನ್ನ ಅಪ್ಪ ಅಮ್ಮನ ಮದುವೆಗೆ ತಿಪ್ಪೇಸ್ವಾಮಿಯ ತಂದೆ ಊದಿದ್ದರಂತೆ, ಆ ಓಲಗವಿಲ್ಲದೆ ತಾಳಿ ಗಟ್ಟಿಯಾಗುವುದಿಲ್ಲವಂತೆ.

ಮಾತಿನ ನಡುವೆ ಬಸ್ತಿಯ ವಿಷಯ ಬಂತು. ಮಾವನವರು ತಟ್ಟೆಯಿಂದ ಕೈ ತೆಗೆದು, ‘ಅಯ್ಯೋ, ಅವರ ಸಹವಾಸವೇ? ಅವರು ಬೀದಿಗೆ ಬಂದರೆ ನಾವು ಲೋಟ ಚಮಚ ಎಣಿಸಿ ಒಳಗಿಡ್ತೀವಿ’ ಎಂದರು.

ಸಂಯುಕ್ತಾ ಕೇಳಿದಳು, ‘ಅಪ್ಪಾ, ಇದುವರೆಗೆ ಎಷ್ಟು ಚಮಚ ಹೋಗಿದೆ?’

‘ಎಣಿಸಿ ಇಡೋದ್ರಿಂದ ಹೋಗಿಲ್ಲಮ್ಮ!’

ಪಿಎಚ್.ಡಿ. ಮಾಡುತ್ತಿರುವ ಸಂಯುಕ್ತಾ ಅಪ್ಪನ ತಟ್ಟೆಗೆ ಇನ್ನೊಂದು ಚಮಚ ಹುಳಿ ಬಡಿಸಿದಳು.

ಡಿಸೆಂಬರ್ 16, ಶನಿವಾರ

ಮದುವೆಯ ಕೆಲಸಕ್ಕೆ ಹೇಗೂ ರೋಹಿಣಿಗೆ ಹೋಗಿದ್ದೆ, ದಾರಿಯಲ್ಲೇ ಇದೆಯಲ್ಲ ಎಂದು ಬ್ಯಾಂಡಿನ ಕೋಣೆಗೂ ಹೋದೆ. (ದಾರಿಯಲ್ಲಿಲ್ಲ. ಆಟೋದವನು ಇಪ್ಪತ್ತು ರೂಪಾಯಿ ಹೆಚ್ಚು ಕೇಳಿದ.)

ಸಾವನ್ ಜೊತೆ ಮಾತಾಡಿದೆ. ಏನು ಕೇಸು ಎಂದು ಕೇಳಿದ್ದಕ್ಕೆ ಹಿಂದಿಯಲ್ಲಿ ಹೀಗೆ ಹೇಳಿದ: ‘ಮಾರುಕಟ್ಟೇಲಿ ಯಾರೋ ಪಕಡೋ, ಹಿಡೀರಿ ಅಂತ ಕೂಗಿದ್ರು ಸರ್‌ಜೀ. ನಾವು ಓಡಿದ್ರೆ ಕಳ್ಳರು ಅಂತಾರೆ, ಅದಕ್ಕೇ ನಿಂತ್ಕೊಂಡೆ. ನಿಂತಿದ್ದೋನು ನಾನೊಬ್ಬನೇ. ನನ್ನನ್ನೇ ಹಿಡಿದ್ರು.’ ಕಳೆದದ್ದು ಒಂದು ಸ್ಕೂಟರಿನ ಬ್ಯಾಟರಿ. ಅದನ್ನು ಹೇಳುವಾಗ ನಕ್ಕ. ನನಗೆ ನಗು ಬರಲಿಲ್ಲ.

ನಮ್ಮ ವಾಲಗದ ವಿಷಯ ಹೇಳಿದಾಗ ದೇವಕಿ ಮೇಡಂ ಸೀಟಿ ಕೆಳಗಿಟ್ಟು ಕೇಳಿದರು, ‘ನಿಮ್ಮ ತಿಪ್ಪೇಸ್ವಾಮಿ ಕೊರಮರೇನಪ್ಪಾ?’

‘ಹೌದು.’

‘ಅವರ ಜನವೂ ಅದೇ ಪಟ್ಟಿಯಲ್ಲಿತ್ತು. ಹುಟ್ಟುಗಳ್ಳರು ಅಂತ.’

ನಾನು ಸಾಧ್ಯವೇ ಇಲ್ಲ ಎಂದೆ. ನಮ್ಮೂರಲ್ಲಿ ತಿಪ್ಪೇಸ್ವಾಮಿ ಬಂದು ಕೂರದೆ ಹಸೆಮಣೆಯ ಮೇಲೆ ಯಾರೂ ಕೂರುವುದಿಲ್ಲ. ಆಮೇಲೆ ನೆನಪಾಯಿತು: ಅವನು ಕೂರುವುದು ಯಾವಾಗಲೂ ಚಪ್ಪರದ ಹೊರಗಂಬದ ಹತ್ತಿರ, ಊಟಕ್ಕೆ ಕರೆಯುವುದು ಎಲ್ಲರದ್ದೂ ಆದ ಮೇಲೆ. ಅದನ್ನು ಯಾಕೆಂದು ನಾನು ಯಾವತ್ತೂ ಕೇಳಿರಲಿಲ್ಲ.

ವರದಿ ಇನ್ನೊಮ್ಮೆ ಬರೆಯಬೇಕು.

ಜನವರಿ 6, 2007, ಶನಿವಾರ

ಚಳಿ. ಹೆದ್ದಾರಿ ಅಗೆದು ಹಾಕಿದ್ದಾರೆ, ಮೇಲೆ ಮಂಜು, ಕಂಪನಿ ಬಸ್ಸು ಮಾನೇಸರ್ ತಲುಪುವಷ್ಟರಲ್ಲಿ ಟೀ ವಿರಾಮ. ವರದಿ ಮೂರನೆಯ ಸಲ ಬರೆದುಕೊಟ್ಟೆ. ಅಹ್ಲಾವತ್ ಸಾಹೇಬರು ಕನ್ನಡಕ ಏರಿಸಿ, ‘ಮೊದಲನೇದರಲ್ಲಿ ಬೇಡ ಅಂದಿದ್ದೆ, ಎರಡನೇದರಲ್ಲಿ ಆಗಬಹುದು ಅಂದೆ, ಇದರಲ್ಲಿ ಕೊಡಲೇಬೇಕು ಅಂತೀಯ. ಆ ಮೇಡಂ ಏನು ತಿನ್ನಿಸಿದಳು?’ ಎಂದರು. ಟೀ ಮಾತ್ರ ಎಂದೆ. ‘ದೇಖೇಂಗೆ’, ನೋಡೋಣ, ಎಂದರು. ದಿಲ್ಲಿಯಲ್ಲಿ ದೇಖೇಂಗೆ ಎಂದರೆ ಇಲ್ಲ ಎಂದೇ ಅರ್ಥ. ‘ಕಳ್ಳರ ಕೈಗೆ ತುತ್ತೂರಿ ಕೊಟ್ಟರೆ ತುತ್ತೂರಿ ಹೋಗುತ್ತೆ, ಅಷ್ಟೇ’ ಎಂದೂ ಸೇರಿಸಿದರು. ಪರದೆಗೆ ಆಗಲೇ ಮೂರು ಸಹಿ ಬಿದ್ದಿವೆ, ಬಾಕಿ ಇರುವುದು ಇವರದೊಂದೇ.

ಮದುವೆಗೆ ಕರೆದೆ. ‘ಬೆಳಿಗ್ಗೆ ಒಂಬತ್ತಕ್ಕಾ? ನಾಷ್ಟಾ ಹೊತ್ತಿಗೆ ಯಾರಯ್ಯ ಮದುವೆಯಾಗೋದು?’ ಎಂದು ಬೆರಗಾದರು. ಬರುತ್ತಾರಂತೆ.

ಜನವರಿ 20, ಶನಿವಾರ

ಬ್ಯಾಂಡಿನ ಕೋಣೆ. ಡೊಳ್ಳು ಬಾರಿಸುವ ಟಿಂಕೂ ನನ್ನ ಫೋನಿನಲ್ಲಿ ಹಾವಿನ ಆಟ ಆಡಿ ಚಾರ್ಜು ಮುಗಿಸಿದ. ಬೈದೆ. ಸಂಯುಕ್ತಾಗೆ ಫೋನು ಮಾಡಲಾಗದೆ ಬೈಗುಳ ತಿಂದೆ.

ಜನವರಿ 27, ಶನಿವಾರ

ನಾಳೆ ಮದುವೆ. ತಿಪ್ಪೇಸ್ವಾಮಿಯ ರೈಲು ಮಂಜಿನಲ್ಲಿ ಗ್ವಾಲಿಯರ್‌ಗಿಂತ ಹಿಂದೆ ಎಲ್ಲೋ ನಿಂತಿದೆ. ಬೆಳಿಗ್ಗೆ ತಲುಪುವುದು ಕನಸಿನ ಮಾತು. ಅಮ್ಮ ಅಳಲು ಶುರು ಮಾಡಿದಳು. ಮಾವನವರು ಟೇಪ್ ರೆಕಾರ್ಡರ್ ಹಾಕೋಣ ಎಂದಾಗ ಅಳು ಜೋರಾಯಿತು.

‘ನಮ್ಮ ಹುಡುಗರು ಇದ್ದಾರಲ್ಲ, ಬೆಳಿಗ್ಗೆ ಅವರಿಗೆ ಬೇರೆ ಕೆಲಸ ಇರೋಲ್ಲ’ ಎಂದೆ.

‘ಯಾವ ನಿಮ್ಮ ಹುಡುಗರು?’ ಎಂದರು ಮಾವ. ಹೇಳಿದೆ. ಆಮೇಲೆ ಅರ್ಧ ಗಂಟೆ ಆ ಮನೆಯಲ್ಲಿ ಕುಕ್ಕರು ಕೂಡ ಮೆಲ್ಲಗೆ ಕೂಗಿತು. ಕೊನೆಗೆ ಅಮ್ಮನ ಕಣ್ಣೀರು ಗೆದ್ದಿತು. ಮಾವನವರ ಷರತ್ತು: ಬ್ಯಾಂಡು ಗೇಟಿನ ಹತ್ತಿರವೇ ಇರಬೇಕು, ಹಾಲ್ ಒಳಗೆ ಕಾಲಿಡಬಾರದು.

ಸಂಯುಕ್ತಾ ಬಾಗಿಲ ಬಳಿ ಹಿಡಿದು, ‘ನಮ್ಮ ಹುಡುಗರು ಅಂದೆಯಲ್ಲ?’ ಎಂದಳು. ಮಾತಿಗೆ ಹಾಗೆ ಬಂತು ಎಂದೆ. ಯಾಕೆ ನಕ್ಕಳೋ ಗೊತ್ತಿಲ್ಲ.

ಸಂಜೆ ಹೋಗಿ ಹುಡುಗರಿಗೆ ಗಟ್ಟಿಮೇಳ ಹೇಳಿಕೊಟ್ಟೆ. ತಾಳಿ ಕಟ್ಟುವಾಗ ಯಾರ ಸೀನೂ ಯಾರ ಕೆಟ್ಟ ಮಾತೂ ಕೇಳಿಸಬಾರದು, ಪುರೋಹಿತರು ಕೈ ಎತ್ತಿದ ಕೂಡಲೇ ಕೈಲಾದಷ್ಟು ಜೋರಾಗಿ ಬಾರಿಸಬೇಕು ಎಂದೆ. ‘ಎಷ್ಟು ಜೋರು ಸರ್‌ಜೀ?’ ಎಂದು ಕೇಳಿದ ಟಿಂಕೂ. ಬಾಯಿ ತಪ್ಪಿ ‘ಮಿತಿಯೇ ಇಲ್ಲ’ ಎಂದುಬಿಟ್ಟೆ. ಬೇರೆ ಯಾವ ಶಾಸ್ತ್ರದ ವಿಷಯವೂ ಹೇಳಲಿಲ್ಲ. ಹೇಳಬೇಕು ಎಂದು ಹೊಳೆಯಲೇ ಇಲ್ಲ.

ಅಹ್ಲಾವತ್ ಸಾಹೇಬರು ಬರುತ್ತಾರೆ. ಹುಡುಗರು ಚೆನ್ನಾಗಿ ನಡೆದುಕೊಂಡರೆ ಒಂದು ಮಾತು ಕೇಳಿ ನೋಡಬಹುದು. ಏನಾದರೂ ಎಡವಟ್ಟಾದರೆ ಪರದೆಗೆ ನಾಲ್ಕನೆಯ ಸಹಿ ಬೀಳುತ್ತದೆ, ಮಾರ್ಚ್ ಹದಿನಾಲ್ಕಕ್ಕೆ ಸಾವನ್ ಒಳಗೆ ಹೋಗುತ್ತಾನೆ. ನನ್ನ ಮದುವೆಯ ಹಿಂದಿನ ದಿನ ನನಗೆ ಇದೇ ಯೋಚನೆ ಹತ್ತಿ ಕೂತಿದೆ, ಎಂಥ ಹಣೆಬರಹ.

ಜನವರಿ 28, ಭಾನುವಾರ

ಮದುವೆಯಾಯಿತು. ಆದದ್ದೇ ದೊಡ್ಡದು.

ಬೆಳಿಗ್ಗೆ ಹುಡುಗರು ಕೆಂಪು ಕೋಟು, ಜರಿಯ ಟೋಪಿ ಹಾಕಿಕೊಂಡು ಬಂದಿದ್ದರು. ಮಾವನವರು ಗೇಟಿನ ಎದುರೇ ಮೇಜು ಹಾಕಿಸಿ ಪೂಜೆಯ ಬೆಳ್ಳಿ ಸಾಮಾನನ್ನು ಒಂದೊಂದಾಗಿ ಎಣಿಸಿ, ಡಬ್ಬಿಗೆ ಬೀಗ ಹಾಕಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಹುಡುಗರು ನೋಡುತ್ತಲೇ ಇದ್ದರು. ಟಿಂಕೂ ಅವರ ಜೊತೆ ತಾನೂ ಎಣಿಸಿದ. ನಾನು ಸಾವನ್‌ನ ಮುಖ ನೋಡಲಾರದೆ ಒಳಗೆ ಹೋದೆ.

ಕಾಶಿಯಾತ್ರೆಗೆ ನನ್ನನ್ನು ಸಿಂಗರಿಸಿದರು. ಕಚ್ಚೆಪಂಚೆ, ಹೆಗಲಿಗೆ ಅಕ್ಕಿ ಬೇಳೆಯ ಗಂಟು, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಹೊಸ ಕೊಡೆ, ಕೆನ್ನೆಗೆ ದೃಷ್ಟಿಬೊಟ್ಟು. ಸಂಸಾರವೇ ಬೇಡವೆಂದು ಕಾಶಿಗೆ ಹೊರಟ ಬ್ರಹ್ಮಚಾರಿ ನಾನು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮಾವ ಬಂದು ತೆಂಗಿನಕಾಯಿ ಕೈಗಿಟ್ಟು, ಹೋಗಬೇಡಿ, ಮಗಳನ್ನು ಕೊಡುತ್ತೇನೆ ಎಂದು ತಡೆಯಬೇಕು.

ನಾಲ್ಕು ಹೆಜ್ಜೆ ಇಟ್ಟೆ. ಮಾವ ಇಲ್ಲ. ತೆಂಗಿನಕಾಯಿ ತಪ್ಪಿ ಅಡುಗೆಯವರ ಕಡೆ ಹೋಗಿ, ಅದನ್ನು ಚಟ್ನಿಯಾಗದಂತೆ ಉಳಿಸಲು ಮಾವನೇ ಓಡಿದ್ದರಂತೆ. ಪುರೋಹಿತರು, ‘ನಡೀತಾ ಇರಿ, ಹೊರಟ ಮೇಲೆ ನಿಲ್ಲಬಾರದು’ ಎಂದರು. ನಡೆದೆ. ಸಣ್ಣ ಸಣ್ಣ ಹೆಜ್ಜೆ ಇಟ್ಟೆ. ಗೇಟು ಬಂತು. ತಿರುಗಿ ನೋಡಿದರೆ ಪುರೋಹಿತರು ದೂರದಿಂದಲೇ ಕೈಬೀಸಿ ನಡೀರಿ ಎಂದರು. ಗೇಟು ದಾಟಿ ರಸ್ತೆಗೆ ಇಳಿದೆ. ಸೈಕಲ್ ರಿಕ್ಷಾದವನೊಬ್ಬ ಪಕ್ಕಕ್ಕೆ ಬಂದು, ‘ಬಸ್ ಅಡ್ಡಾ, ಬಾಬೂಜೀ?’ ಎಂದು ಬಸ್ ನಿಲ್ದಾಣಕ್ಕೆ ಕರೆದ. ಅವನಿಗೆ ಏನು ಹೇಳುವುದೆಂದು ನಿಂತೆ. ಅಲ್ಲೇ ಎಡವಟ್ಟಾಯಿತು.

‘ದೂಲ್ಹಾ ಭಾಗ್ ರಹಾ ಹೈ!’

ಗಂಡು ಓಡಿಹೋಗುತ್ತಿದ್ದಾನೆ ಎಂದು ಕೂಗಿದ್ದು ಟಿಂಕೂನ ಗಂಟಲು. ಅದೇ ಗಳಿಗೆಗೆ ಕಾರಿನಿಂದ ಇಳಿಯುತ್ತಿದ್ದ ಅಹ್ಲಾವತ್ ಸಾಹೇಬರು ಮೀಸೆ ನಿಗುರಿಸಿ ನಮ್ಮ ಫ್ಯಾಕ್ಟರಿಯ ಸೈರನ್ನಿಗಿಂತ ಜೋರಾಗಿ ಕೂಗಿದರು: ‘ಪಕಡೋ! ಪಕಡೋ ಉಸೇ!’

ಡೊಳ್ಳು ದಬಾರನೆ ನೆಲಕ್ಕೆ ಬಿತ್ತು. ಸಾವನ್ ಬಂದು ನನ್ನ ಸೊಂಟ ಹಿಡಿದ, ಟಿಂಕೂ ಕಾಲು ಹಿಡಿದ, ಮತ್ತೊಬ್ಬ ಕೊಡೆ ಕಿತ್ತುಕೊಂಡ. ಕಾಶಿಗೆ ಹೊರಟಿದ್ದ ನಾನು ರೋಹಿಣಿಯ ರಸ್ತೆಯಲ್ಲಿ ಅಂಡೂರಿ ಕೂತಿದ್ದೆ, ಅಕ್ಕಿ ಬೇಳೆ ಚೆಲ್ಲಾಪಿಲ್ಲಿ. ಅಷ್ಟರಲ್ಲಿ ಮಾವನವರು ತೆಂಗಿನಕಾಯಿ ಎತ್ತಿ ಹಿಡಿದು ಓಡಿಬಂದರು. ಅದನ್ನು ನನ್ನ ತಲೆಗೇ ಹಾಕಲು ಬಂದರೆಂದು ತಿಳಿದು ಸಾವನ್ ಎರಡೂ ಕೈ ಚಾಚಿ ನನಗೆ ಅಡ್ಡ ನಿಂತ. ‘ಅಂಕಲ್‌ಜೀ, ಮಾರಿಯೇ ಮತ್! ಮಿಲ್ ಗಯೇ, ಮಿಲ್ ಗಯೇ!’ ಹೊಡೀಬೇಡಿ, ಸಿಕ್ಕಿಬಿಟ್ಟರು ಎಂದು ಅಂಗಲಾಚಿದ.

ದೇವಕಿ ಮೇಡಂ ಸೀಟಿ ಊದುತ್ತಾ ಬಂದರು. ಅವರ ಮುಖ ಬಿಳಿಚಿಕೊಂಡಿತ್ತು. ನನ್ನದೂ ಹಾಗೇ ಇದ್ದಿರಬೇಕು. ಎಲ್ಲ ಮುಗಿಯಿತು ಎಂದುಕೊಂಡೆ.

‘ಯಾಕೋ ಹಿಡಿದೆ ಅವರನ್ನ? ಯಾರು ಹೇಳಿದ್ರು ನಿಂಗೆ?’ ಎಂದು ಹಿಂದಿಯಲ್ಲಿ ಗದರಿದರು.

ಸಾವನ್ ಏದುಸಿರು ಬಿಡುತ್ತಾ ಹೇಳಿದ: ‘ಮೇಡಂ, ಮದುವೆಮನೆಯಲ್ಲಿ ಒಂದು ಚಮಚ ಕಾಣೆಯಾದ್ರೂ ನಮ್ಮನ್ನೇ ಹಿಡೀತಾರೆ. ಇವತ್ತು ಗಂಡೇ ಕಾಣೆಯಾದ್ರೆ?’

ರಿಕ್ಷಾದವನು ಗಂಟೆ ಬಾರಿಸುವುದನ್ನು ನಿಲ್ಲಿಸಿದ. ಆಮೇಲೆ ಹಾಲ್‌ನ ಕಿಟಕಿಯಿಂದ ನಗು ಕೇಳಿಸಿತು. ಸಂಯುಕ್ತಾ, ಅರ್ಧ ಜಡೆ ಹೆಣೆಸಿಕೊಂಡವಳು, ಕಣ್ಣ ಕಾಡಿಗೆ ಕರಗುವಂತೆ ನಗುತ್ತಿದ್ದಳು. ಅವಳ ಹಿಂದೆ ಅಮ್ಮ, ಅಮ್ಮನ ಹಿಂದೆ ಅಡುಗೆಯವರು, ಕೊನೆಗೆ ಇಡೀ ಬಾರಾತ್ ಘರ್ ನಕ್ಕಿತು.

ಮಾವನವರು ಮಾತ್ರ ನಗಲಿಲ್ಲ. ತೆಂಗಿನಕಾಯಿ ಹಿಡಿದುಕೊಂಡು ಸಾವನ್‌ನನ್ನೇ ನೋಡುತ್ತಾ ನಿಂತರು. ಒಂದು ಕೈ ತಾನಾಗಿ ಎದೆಯ ಮೇಲಿನ ಕೀಲಿಗೆ ಹೋಗಿತ್ತು. ಆಮೇಲೆ ತಮ್ಮ ಸರ್ಕಾರಿ ಹಿಂದಿಯಲ್ಲಿ, ‘ಬೇಟಾ, ಯಹ್ ತೋ ರಸಮ್ ಹೈ’, ಇದು ಬರೀ ಶಾಸ್ತ್ರ ಎಂದು ಕಾಶಿಯಾತ್ರೆಯ ವಿವರ ಶುರುವಿನಿಂದ ಹೇಳಿದರು. ಕೇಳಿ ಹುಡುಗರು ನಾಚಿ ನೀರಾಗಿ ನನ್ನ ಪಂಚೆಯ ಧೂಳು ಒದರತೊಡಗಿದರು. ಒದರಿದ ರಭಸಕ್ಕೆ ಪಂಚೆಯೇ ಸಡಿಲವಾಯಿತು. ಪುರೋಹಿತರು ಗಡಿಯಾರ ನೋಡಿ, ‘ಯಾರೋ ಒಬ್ಬರು ತಡೆದರಲ್ಲ, ಶಾಸ್ತ್ರ ಮುಗೀತು, ಒಳಗೆ ಬನ್ನಿ’ ಎಂದು ತೀರ್ಪು ಕೊಟ್ಟರು.

ಒಳಗೆ ಹೋಗುವಾಗ ಮಾವನವರು ದೇವಕಿ ಮೇಡಂ ಕಡೆ ತಿರುಗಿ, ‘ಗೇಟಿನಿಂದ ಪುರೋಹಿತರ ಕೈ ಕಾಣಿಸೋಲ್ಲ. ಹುಡುಗರನ್ನ ಮಂಟಪದ ಹತ್ತಿರ ಕರ್ಕೊಂಡು ಬನ್ನಿ’ ಎಂದರು.

ಗಟ್ಟಿಮೇಳಕ್ಕೆ ಬೆರಳೆತ್ತಿದ್ದು ಪುರೋಹಿತರಲ್ಲ, ಮಾವನವರೇ. ಮಿತಿಯೇ ಇಲ್ಲ ಎಂದು ನಾನೇ ಹೇಳಿದ್ದೆನಲ್ಲ. ಬಾರಾತ್ ಘರ್‌ನ ಸೂರು ನಡುಗಿತು, ಪಾರಿವಾಳಗಳು ಹಾರಿಹೋದವು, ಅಹ್ಲಾವತ್ ಸಾಹೇಬರು ಬಾಯಿ ಅಗಲಿಸಿ ಸೀನಿದ್ದು ಕಂಡಿತು, ಸದ್ದು ಮಾತ್ರ ಕೇಳಿಸಲಿಲ್ಲ. ತಾಳಿ ಕಟ್ಟಿದೆ.

ಊಟದಲ್ಲಿ ಹುಡುಗರು ಮೊದಲ ಪಂಕ್ತಿಗೇ ಕೂತರು, ಅಮ್ಮ ಕೂರಿಸಿದಳು. ಅಹ್ಲಾವತ್ ಸಾಹೇಬರು ಅವರ ನಡುವೆ ಬಾಳೆಲೆಯ ಮುಂದೆ ಚಕ್ಕಲಮಕ್ಕಲ ಹಾಕಿ, ಹೋಳಿಗೆಯ ಮೇಲೆ ಸಾರು ಸುರಿದುಕೊಂಡು ತಿಂದು ಭೇಷ್ ಎಂದರು. ಕಾಶಿಯಾತ್ರೆ ಶಾಸ್ತ್ರ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ‘ನನಗೂ ಮದುವೆ ಆಗಿದೆ ಇಂದುಶೇಖರ್. ನಿನ್ನ ಮುಖ ನೋಡಿದ್ದೀನಿ, ನೀನು ನಿಜವಾಗಿಯೂ ಓಡ್ತಾ ಇದ್ದೆ. ಈ ಲಡ್ಕಾಗಳು ಇಲ್ಲದಿದ್ರೆ ಆ ಹುಡುಗಿಯ ಗತಿ ಏನಾಗ್ತಿತ್ತು? ಇಂಥವರನ್ನ ಯಾವ ಗಧಾ ಕಳ್ಳರು ಅಂದಿದ್ದು?’

ಆ ಕತ್ತೆ ಯಾರೆಂದು ನಾನು ಹೇಳಲಿಲ್ಲ. ‘ನಾಳೆ ಬೆಳಿಗ್ಗೆ ಫೈಲು ತಗೊಂಡು ಬಾ. ನಾಡಿದ್ದು ನನಗೆ ನೆನಪಿರೋಲ್ಲ’ ಎಂದರು.

ತಿಪ್ಪೇಸ್ವಾಮಿ ಬಂದದ್ದು ಸಂಜೆ, ಶಾಮಿಯಾನ ಬಿಚ್ಚುವಾಗ. ನಡೆದದ್ದು ಕೇಳಿ ನೆಲಕ್ಕೆ ಕೂತು ನಕ್ಕ. ಆಮೇಲೆ ತನ್ನ ಓಲಗವನ್ನು ಸಾವನ್ ಕೈಗೆ ಕೊಟ್ಟ. ಸಾವನ್ ಎಷ್ಟು ಊದಿದರೂ ಬಂದದ್ದು ಮೇಕೆಮರಿಯ ಸದ್ದು. ಭಾಷೆ ಬಾರದ ಇಬ್ಬರೂ ಒಂದು ತಾಸು ಒಬ್ಬರ ವಾದ್ಯ ಒಬ್ಬರು ಊದಿ ಬೀದಿಯ ನಾಯಿಗಳನ್ನೆಲ್ಲ ಸೇರಿಸಿದರು.

ಜನವರಿ 29, ಸೋಮವಾರ

ಮದುವೆಯ ಮರುದಿನ ಆಫೀಸಿಗೆ ಹೋದ ಮೂರ್ಖ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು. ಸಂಯುಕ್ತಾಳೇ ಎಬ್ಬಿಸಿ ಕಳಿಸಿದಳು. ಕೈಯ ಕಂಕಣ ನೋಡಿ ಸೆಕ್ಯುರಿಟಿಯವನು ಹೌಹಾರಿದ.

ಸಹಿ ಬಿತ್ತು. ಒಂದು ವರ್ಷಕ್ಕೆ ಕೇಳಿದ್ದೆ, ಅಹ್ಲಾವತ್ ಸಾಹೇಬರು ಎರಡು ಎಂದು ತಿದ್ದಿದರು. ಪರದೆಯವರಿಗೆ ಏನು ಹೇಳಲಿ ಎಂದದ್ದಕ್ಕೆ, ‘ರೇಡಿಯೋ ಕೇಳಲಿ, ನಾವೂ ಕೇಳಿ ಬೆಳೆದವರೇ’ ಎಂದರು. ಫೋನಿನಲ್ಲಿ ಹೇಳಿದಾಗ ದೇವಕಿ ಆಂಟಿ ಫೋನಿಗೇ ಸೀಟಿ ಊದಿದರು. ನನ್ನ ಎಡಗಿವಿ ಇನ್ನೂ ಗುಂಯ್‌ಗುಡುತ್ತಿದೆ. ಆಮೇಲೆ ಹೆದ್ದಾರಿಯ ಧೂಳಿನಲ್ಲಿ ಬಸ್ಸು ಎರಡು ಗಂಟೆ ನಿಂತರೂ ನನಗೆ ಬೇಸರವೇ ಆಗಲಿಲ್ಲ.

ಫೆಬ್ರವರಿ 25, ಭಾನುವಾರ

ದಿಲ್ಲಿಯ ದ್ವಾರಕಾದಲ್ಲಿ ಒಂದು ಕನ್ನಡದವರ ಮದುವೆ. ಬ್ಯಾಂಡು ನಮ್ಮದೇ, ಗೊತ್ತು ಮಾಡಿಸಿದ್ದು ಮಾವನವರು. ಗಂಡು ಕೊಡೆ ಹಿಡಿದು ಹೊರಟ. ಹುಡುಗರು ಶಿಸ್ತಾಗಿ ಊದುತ್ತಾ ನಿಂತರು, ಈಗ ಅವರಿಗೆ ಎಲ್ಲ ಗೊತ್ತು. ಹೆಣ್ಣಿನ ಅಜ್ಜಿ ಸಿಟ್ಟಾಗಿ, ‘ಯಾಕ್ರೋ ಸುಮ್ನೆ ನಿಂತಿದೀರಾ, ಹಿಡೀರೋ ಅವನನ್ನ! ಅನಂತರಾಮಯ್ಯನವರು ಹೇಳಿದಾರೆ, ದಿಲ್ಲೀಲಿ ಬ್ಯಾಂಡಿನವರೇ ಹಿಡಿಯೋದಂತೆ ಪದ್ಧತಿ’ ಎಂದರು. ಹಿಡಿದರು. ಪದ್ಧತಿ ಹೀಗೇ ಹುಟ್ಟುವುದಿರಬೇಕು.

ಮಾರ್ಚ್ 14, ಬುಧವಾರ

ಮಂಡಳಿಯ ವಿಚಾರಣೆ. ಒಳಗೆ ಕರೆಯುವ ಮೊದಲು ವರಾಂಡದಲ್ಲಿ ಕೂತಿದ್ದಾಗ ಕಾನ್‌ಸ್ಟೇಬಲ್ ಒಬ್ಬ ಬಗ್ಗಿ ಮೆಲ್ಲಗೆ, ‘ಸರ್, ಆ ಹುಡುಗನ ಜೊತೆ ಬಂದಿದೀರಾ? ಪರ್ಸು ಜೋಪಾನ’ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಪರ್ಸು ಆಗ ಸಾವನ್ ಹತ್ತಿರವೇ ಇತ್ತು, ಸಮೋಸಾ ತರಲು ಹೋಗಿದ್ದ. ಕಾನ್‌ಸ್ಟೇಬಲ್‌ಗೂ ಒಂದು ಕೊಟ್ಟೆವು. ಸಮೋಸಾದಲ್ಲಿ ಬಟಾಣಿ ಜಾಸ್ತಿ.

ಮ್ಯಾಜಿಸ್ಟ್ರೇಟ್ ಮೇಡಂ ಎಲ್ಲ ನೋಡಿ, ಯೋಜನೆ ಇನ್ನೂ ಎರಡು ವರ್ಷ ಇರುತ್ತದೆಂದು ಖಾತ್ರಿ ಮಾಡಿಕೊಂಡು, ‘ತಪ್ಪಿಸಿಕೊಂಡು ಓಡಿಹೋಗೋದಿಲ್ಲ ತಾನೆ?’ ಎಂದು ಸಾವನ್‌ನನ್ನು ಕೇಳಿದರು.

‘ಇಲ್ಲ ಮೇಡಂ. ಮದುವೆ ಸೀಸನ್ ಇದೆ’ ಎಂದ.

ಬ್ಯಾಂಡಿನಲ್ಲೇ ಮುಂದುವರಿಯಲಿ ಎಂದು ಆದೇಶವಾಯಿತು. ಹೊರಗೆ ಬಂದು ಸಾವನ್ ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತ. ನಾನೂ ಇನ್ನೊಂದು ಗೋಡೆ ಹುಡುಕಿಕೊಂಡೆ. ಇಷ್ಟು ಖುಷಿ ನನಗೆ ಪ್ರಮೋಷನ್ ಸಿಕ್ಕಾಗಲೂ ಆಗಿರಲಿಲ್ಲ.

ಮಾರ್ಚ್ 24, ಶನಿವಾರ

ವಿಶ್ವಕಪ್ಪಿನಲ್ಲಿ ನಮ್ಮವರು ಶ್ರೀಲಂಕಾಗೂ ಸೋತರು, ಇನ್ನು ಮನೆಗೆ. ದೊಡ್ಡ ಪರದೆ ಬಂದಿದ್ದರೆ ಸೋಲು ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಅಕೌಂಟ್ಸ್‌ನವರು ನನ್ನನ್ನು ಕಂಡು ಮೊದಲ ಸಲ ನಕ್ಕರು.

ಮಾರ್ಚ್ 26, ಸೋಮವಾರ

ಲಾವಣ್ಯಾ ಕೆಲಸಕ್ಕೆ ಬಂದಳು. ಮಗುವಿನ ಫೋಟೋ ತೋರಿಸಿದಳು, ಮತ್ತೆ ಕಾಜು ಬರ್ಫಿ ಕೊಟ್ಟಳು.

‘ಇಂದುಶೇಖರಾ, ಆ ಸಮುದಾಯ ನಿಧಿ ಫೈಲ್ ಕೊಡು ಮಾರಾಯ. ನಿನ್ನ ತಲೆನೋವು ಇಳಿಸ್ತೇನೆ’ ಎಂದಳು.

ನವೆಂಬರಿನಿಂದ ಕಾದಿದ್ದ ಮಾತು. ‘ಎಲ್ಲಿಟ್ಟಿದ್ದೀನೋ, ಸಿಗ್ತಾ ಇಲ್ಲ ಲಾವಣ್ಯಾ. ಹುಡುಕಿ ಕೊಡ್ತೀನಿ’ ಎಂದೆ.

ಊಟದ ಹೊತ್ತಿಗೆ ಇಡೀ ವಿಭಾಗ ಹುಡುಕುತ್ತಿತ್ತು. ಪ್ಯೂನು ಕಪಾಟುಗಳನ್ನೆಲ್ಲ ಗೋಡೆಯಿಂದ ಎಳೆದ. ನಾನೂ ಹುಡುಕಿದೆ, ಮೇಜಿನ ಕೆಳಗೆಲ್ಲ ಬಗ್ಗಿ ನೋಡಿದೆ, ಪ್ಯಾಂಟಿನ ಮಂಡಿಗೆ ಧೂಳಾಯಿತು. ಲಾವಣ್ಯಾ ಪಾಪ, ‘ಹೋಗಲಿ ಬಿಡು, ಸಿಗುವ ತನಕ ನೀನೇ ನೋಡಿಕೋ’ ಎಂದಳು. ಆಗಲಿ ಎಂದೆ. ಫೈಲು ನನ್ನ ಊಟದ ಚೀಲದಲ್ಲಿತ್ತು, ಮೊಸರನ್ನದ ಡಬ್ಬಿಯ ಕೆಳಗೆ. ಮುಂದಿನ ವಾರ ಇನ್ನೂ ನಾಲ್ಕು ಹುಡುಗರು ಸೇರುತ್ತಿದ್ದಾರೆ, ತುತ್ತೂರಿ ಕೊಳ್ಳಬೇಕು. ಲಾವಣ್ಯಾಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತದೆ?

ಸಂಜೆ ಶಿಫ್ಟು ಬಿಟ್ಟಾಗ ಗೇಟಿನಲ್ಲಿ ಉದ್ದ ಸಾಲು. ಸೆಕ್ಯುರಿಟಿಯವನು ಒಬ್ಬೊಬ್ಬ ಕೆಲಸಗಾರನ ಚೀಲವನ್ನೂ ಬಿಚ್ಚಿಸಿ, ಡಬ್ಬಿಯ ಮುಚ್ಚಳ ತೆಗೆಸಿ ನೋಡುತ್ತಿದ್ದ. ನನ್ನನ್ನು ಕಂಡು ಸಾಲಿನಿಂದ ಆಚೆ ಕರೆದು, ಸಲಾಂ ಹೊಡೆದು, ಗೇಟು ತೆರೆದುಬಿಟ್ಟ.